ಪಾತ್ರೆಯ ತಳ ಇದ್ದಷ್ಟೇ

ಕಳೆದ ಚಳಿಗಾಲದಲ್ಲಿ ಗೆಳೆಯನೊಬ್ಬ ಫೋನ್ ಮಾಡಿ, "ಹೆಂಡತಿಯ ನಲವತ್ತನೇ ಹುಟ್ಟುಹಬ್ಬ, ಹನ್ನೆರಡು ಜನ ಆಗ್ತೀವಿ, ನೀನು ಆಗಾಗ ಹೋಗ್ತೀಯಲ್ಲ ಆ ಪರ್ಷಿಯನ್ ಹೋಟೆಲ್ಲು, ಅದರ ಹೆಸರು ಹೇಳು ಮಾರಾಯ" ಅಂದ. ನಾನು ಮಾತು ತೇಲಿಸಿ, ಅದೇ ರಸ್ತೆಯಲ್ಲಿರುವ ದೊಡ್ಡ ಕಬಾಬ್ ಹೋಟೆಲೊಂದರ ಹೆಸರು ಹೇಳಿದೆ. ಅಲ್ಲಿ ಕಾರು ನಿಲ್ಲಿಸಲು ಜಾಗವಿದೆ, ಕೇಕ್ ಕತ್ತರಿಸಿದರೆ ಮಾಣಿಗಳೆಲ್ಲ ಬಂದು ಚಪ್ಪಾಳೆ ತಟ್ಟುತ್ತಾರೆ, ಹಾಡು ಹಾಕುತ್ತಾರೆ. ಅವರು ಹೋದರು, ಖುಷಿಪಟ್ಟರು, ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೇಳಿದ ಹೆಸರನ್ನು ನಾನು ಯಾಕೆ ಬಾಯಿ ಬಿಡಲಿಲ್ಲ ಅನ್ನುವುದು ಅಂದಿನಿಂದ ಕೊರೆಯುತ್ತಿದೆ. ಒಳ್ಳೆಯ ಊಟದ ಜಾಗ ಸಿಕ್ಕಿದರೆ ನಾಲ್ಕು ಜನಕ್ಕೆ ಹೇಳದೆ ನಿದ್ದೆ ಬಾರದ ಜಾತಿಯವನು ನಾನು. ಇದೊಂದನ್ನು ಮಾತ್ರ ಬಚ್ಚಿಟ್ಟುಕೊಂಡಿದ್ದೇನೆ. ಇಲ್ಲಿಯೂ ಹೇಳುವುದಿಲ್ಲ, ಓದುವವರು ಸಿಟ್ಟಾಗಬಾರದು.

ಊರು ಟೊರೊಂಟೊ. ಯಂಗ್ ಸ್ಟ್ರೀಟಿನ ಕೆಳಗಿನ ಸಬ್‌ವೇ ರೈಲು ಉತ್ತರಕ್ಕೆ ಫಿಂಚ್ ಸ್ಟೇಷನ್ನಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಯಂಗ್ ಸ್ಟ್ರೀಟ್ ಹಿಡಿದು ಇನ್ನೂ ಮೇಲಕ್ಕೆ ನಡೆದರೆ ಬೋರ್ಡುಗಳ ಲಿಪಿ ಬದಲಾಗುತ್ತಾ ಹೋಗುತ್ತದೆ: ವಕೀಲರು, ಹಲ್ಲಿನ ಡಾಕ್ಟರು, ಮನೆ ಮಾರುವ ಏಜೆಂಟರು, ಕೇಸರಿ ಹಾಕಿದ ಐಸ್‌ಕ್ರೀಮ್, ಕಲ್ಲಿನ ಮೇಲೆ ಸುಡುವ ಸಂಗಕ್ ರೊಟ್ಟಿಯ ಬೇಕರಿ, ಎಲ್ಲವೂ ಫಾರ್ಸಿಯಲ್ಲಿ. ಇರಾನಿನ 1979ರ ಕ್ರಾಂತಿಯ ನಂತರ ಬಂದವರು, ಇರಾಕಿನ ಜೊತೆಗಿನ ಯುದ್ಧದ ಕಾಲಕ್ಕೆ ಬಂದವರು, ಈಚೆಗೆ ಓದಲಿಕ್ಕೆಂದು ಬಂದು ಇಲ್ಲೇ ಉಳಿದವರು, ಎಲ್ಲರೂ ಈ ರಸ್ತೆಯ ಆಚೀಚೆ ಇದ್ದಾರೆ. ತಮಾಷೆಗೆ ಟೆಹ್ರಾಂಟೊ ಅಂತ ಕರೆಯುವುದುಂಟು. ಇಂಥ ರಸ್ತೆಯ ಒಂದು ಹಳೇ ಪ್ಲಾಜಾದಲ್ಲಿ, ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿಗೂ ಟ್ಯಾಕ್ಸ್ ತುಂಬಿಕೊಡುವ ಆಫೀಸಿಗೂ ನಡುವೆ, ಆರು ಟೇಬಲ್ಲಿನ ಹೋಟೆಲ್ಲು. ಅಡುಗೆಮನೆಗೂ ಕೂರುವ ಜಾಗಕ್ಕೂ ನಡುವೆ ಒಂದು ಕಿಟಕಿ. ಆ ಕಿಟಕಿಯಲ್ಲಿ ಕಾಣುವ ಹೆಂಗಸೇ ಮಾಲಕಿ, ಅಡುಗೆಯವರು, ಪಾತ್ರೆ ಜೋಡಿಸುವವರು. ವಾರದ ಕೊನೆಗೆ ಮಾತ್ರ ಬಡಿಸಲು ಕಾಲೇಜು ಹುಡುಗಿಯೊಬ್ಬಳು ಬರುತ್ತಾಳೆ. ಎಲ್ಲರೂ ಖಾನುಮ್ ಅನ್ನುತ್ತಾರೆ, ನಾವು ಮೇಡಂ ಅನ್ನುವ ಹಾಗೆ, ನಾನೂ ಹಾಗೇ ಕರೆಯುತ್ತೇನೆ. ಕ್ಯಾಸ್ಪಿಯನ್ ಸಮುದ್ರದ ಕಡೆಯ ಗೀಲಾನ್ ಪ್ರಾಂತ್ಯದ ರಶ್ತ್ ಊರಿನವರು. ಅಲ್ಲಿ ಬ್ಯಾಂಕಿನಲ್ಲಿದ್ದರಂತೆ. ಅಡುಗೆಯನ್ನು ಹೊಟ್ಟೆಪಾಡಿಗೆ ಹಿಡಿದದ್ದು ಇಲ್ಲಿಗೆ ಬಂದ ಮೇಲೆ.

ಗೋಡೆಗೆ ಒಂದು ಕರಿ ಹಲಗೆ. ಅದರ ಮೇಲೆ ಆವತ್ತು ಏನಿದೆಯೋ ಅಷ್ಟು ಬರೆದಿರುತ್ತದೆ, ನಾಲ್ಕು, ಹೆಚ್ಚೆಂದರೆ ಐದು. ಎಂಟು ಗಂಟೆಯ ಹೊತ್ತಿಗೆ ಅದರಲ್ಲಿ ಎರಡರ ಮೇಲೆ ಗೆರೆ ಬಿದ್ದಿರುತ್ತದೆ.

ಮನೆಯ ಅಡುಗೆಗೆ ಬೆಲೆ ಕಟ್ಟುವುದು

ಇರಾನಿನವರ ಹೋಟೆಲ್ಲೆಂದರೆ ಕಬಾಬು. ಗುಡ್ಡೆ ಹಾಕಿದ ಅನ್ನ, ಬೆಣ್ಣೆ, ಸುಟ್ಟ ಟೊಮೇಟೊ, ಹಸಿ ಈರುಳ್ಳಿ, ಹುಳಿ ಹುಳಿಯಾದ ಕೆಂಪು ಸುಮಾಕ್ ಪುಡಿ, ಕಬ್ಬಿಣದ ಅಗಲ ಕಡ್ಡಿಯಿಂದ ಈಗಷ್ಟೇ ಜಾರಿಸಿದ ಮಾಂಸ. ಚೆನ್ನಾಗಿಯೇ ಇರುತ್ತದೆ, ನಾನು ಬೇಡ ಅನ್ನುವವನಲ್ಲ. (ನಾನು ಮಾಂಸ ತಿನ್ನುವುದು ಅಪ್ಪನಿಗೆ ಗೊತ್ತಿದೆ. ಆ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.) ಆದರೆ ಕಬಾಬು ಹೊರಗಿನ ಊಟ, ಬೆಂಕಿಯ ಮುಂದೆ ನಿಂತ ಗಂಡಸರ ಕೆಲಸ, ಕೆಲವೇ ನಿಮಿಷಗಳಲ್ಲಿ ಬೇಯುವಂಥದ್ದು. ಅವರ ಅಡುಗೆಯ ನಿಜವಾದ ಹೆಚ್ಚುಗಾರಿಕೆ ಇರುವುದು ಖೋರೆಶ್ ಎಂಬ ಗಟ್ಟಿ ಸಾರುಗಳಲ್ಲಿ. ಅದು ಮನೆಯ ಒಳಗಿನದು. ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು, ಒಲೆಯ ಹತ್ತಿರ ಒಬ್ಬರು ಸುಳಿದಾಡುತ್ತಲೇ ಇರಬೇಕು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಇಸ್ಫಹಾನಿನ ಹುಡುಗನನ್ನು ಈ ಹೋಟೆಲ್ಲಿಗೆ ಕರೆದರೆ, "ಘೋರ್ಮೆ ಸಬ್ಜಿ ತಿನ್ನಲಿಕ್ಕೆ ಹೋಟೆಲ್ಲಿಗ್ಯಾಕೆ ದುಡ್ಡು ಕೊಡಬೇಕು? ನಮ್ಮಮ್ಮ ಮಾಡಿದ್ದಕ್ಕೆ ಸಮ ಇರಲಿಕ್ಕಿಲ್ಲ" ಅಂದ. ಅವನ ಅಮ್ಮ ಇರುವುದು ಇಸ್ಫಹಾನಿನಲ್ಲಿ. ಖಾನುಮ್ ಪೈಪೋಟಿ ಮಾಡಬೇಕಾಗಿರುವುದು ರಸ್ತೆಯ ಉಳಿದ ಹೋಟೆಲುಗಳ ಜೊತೆಗಲ್ಲ. ಎಲ್ಲರ ಅಮ್ಮಂದಿರ ಜೊತೆಗೆ, ತೀರಿಹೋದ ಅಮ್ಮಂದಿರೂ ಸೇರಿ.

ಆ ಘೋರ್ಮೆ ಸಬ್ಜಿಯನ್ನೇ ನೋಡಿ. ಪಾರ್ಸ್ಲಿ, ಕೊತ್ತಂಬರಿ, ಈರುಳ್ಳಿ ಎಲೆಯ ಹಾಗಿರುವ ತರೆ, ಜೊತೆಗೆ ಸ್ವಲ್ಪ ಮೆಂತ್ಯದ ಸೊಪ್ಪು. ಮರಳು ಹೋಗುವವರೆಗೆ ತೊಳೆದು, ನೀರು ಆರಿಸಿ, ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಹುರಿಯುತ್ತಲೇ ಇರಬೇಕು, ಹಸಿರು ಹೋಗಿ ಕಪ್ಪಿಗೆ ತಿರುಗುವವರೆಗೆ. ಮೊದಲೇ ಇಳಿಸಿದರೆ ಹುಲ್ಲಿನ ವಾಸನೆ, ಒಂದು ಗಳಿಗೆ ತಡವಾದರೆ ಕಹಿ. ಮೆಂತ್ಯ ಒಂದು ಹಿಡಿ ಹೆಚ್ಚಾದರೂ ಕಹಿ. ಆಮೇಲೆ ಮಾಂಸ, ರಾಜ್ಮಾ ಕಾಳು, ಉಪ್ಪುನೀರಿನಲ್ಲಿ ಕುದಿಸಿ ಬಿಸಿಲಿಗೆ ಒಣಗಿಸಿದ ಕರಿಯ ನಿಂಬೆಕಾಯಿ. ಆ ನಿಂಬೆಕಾಯಿ ಅಲ್ಲಾಡಿಸಿದರೆ ಒಳಗೆ ಟೊಳ್ಳು, ಚುಚ್ಚಿ ಸಾರಿಗೆ ಹಾಕಿದರೆ ಹುಳಿಯ ಜೊತೆಗೆ ಏನೋ ಹಳೆಯ, ಹೊಗೆಯಂಥ ಪರಿಮಳ ಬಿಡುತ್ತದೆ. ನಂತರ ಸಣ್ಣ ಉರಿ. ಎಣ್ಣೆ ಮೇಲೆ ತೇಲಿ ಬರುವವರೆಗೆ ಆ ಸಾರು ಸಾರಲ್ಲ. ಮರುದಿನ ಇನ್ನೂ ರುಚಿ. ಹಾಗಾಗಿ ಖಾನುಮ್ ಇಂದು ಬಡಿಸುವುದು ನಿನ್ನೆ ಮಾಡಿದ್ದನ್ನು, ಇಂದು ಮಾಡುವುದು ನಾಳೆಗೆ. ನಿನ್ನೆ ಎಷ್ಟು ಪಾತ್ರೆ ಮಾಡಿದ್ದರೋ ಅಷ್ಟೇ ಇವತ್ತಿನ ಮೆನು. ಇದು ತಿಳಿಯದೆ ಬಂದವರು "ಇದೇನು, ಕೇಳಿದ್ದೊಂದೂ ಇಲ್ಲ" ಅಂತ ಗೊಣಗುತ್ತಾರೆ.

ಫೆಸೆಂಜಾನ್ ಇನ್ನೂ ಹಟದ ಅಡುಗೆ. ಅಕ್ರೋಟನ್ನು ನುಣ್ಣಗೆ ಅರೆದು, ದಾಳಿಂಬೆ ರಸವನ್ನು ಬತ್ತಿಸಿ ಮಾಡಿದ ಕರಿಪಾಕದ ಜೊತೆ ಕುದಿಸುವುದು. ಅಷ್ಟೇ, ಹೇಳಲಿಕ್ಕೆ. ಅಕ್ರೋಟು ತನ್ನ ಎಣ್ಣೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಕುದಿಯುವ ಪಾತ್ರೆಗೆ ನಡುನಡುವೆ ಮಂಜುಗಡ್ಡೆ ಹಾಕಿ ಅದನ್ನು ಬೆಚ್ಚಿಬೀಳಿಸಬೇಕು, ಆಗ ಎಣ್ಣೆ ಒಡೆದು ಮೇಲೆ ಬರುತ್ತದೆ. ಹಿಂದೆ ಬಣ್ಣ ಕಪ್ಪಾಗಲಿ ಎಂದು ಕಬ್ಬಿಣದ ತುಂಡನ್ನೇ ಪಾತ್ರೆಯೊಳಗೆ ಬಿಡುತ್ತಿದ್ದರು, ಮೊಳೆ, ಕುದುರೆ ಲಾಳ, ಕೈಗೆ ಸಿಕ್ಕಿದ್ದು. ಗೀಲಾನಿನವರು ಇದನ್ನು ಬಾತುಕೋಳಿಯ ಜೊತೆ ಹುಳಿಯಾಗಿ ಮಾಡುತ್ತಾರೆ, ತೆಹ್ರಾನಿನ ಕಡೆ ಸಿಹಿ ಮುಂದು. ಖಾನುಮ್ ಸಿಹಿ ಹಾಕುವುದಿಲ್ಲ. ತೆಹ್ರಾನಿನ ಗಿರಾಕಿಗಳು ಹುಳಿ ಹೆಚ್ಚಾಯಿತು ಅಂದರೆ ವಾದಕ್ಕಿಳಿಯುವುದೂ ಇಲ್ಲ. ಸಕ್ಕರೆ ಡಬ್ಬಿ ತಂದು ಟೇಬಲ್ ಮೇಲೆ ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋಗುತ್ತಾರೆ. ಆ ಡಬ್ಬಿಯ ಮುಚ್ಚಳ ತೆಗೆದವರನ್ನು ನಾನಂತೂ ನೋಡಿಲ್ಲ.

ನಮ್ಮ ಬೀದರ, ಕಲಬುರಗಿ ಕಡೆಯವರಿಗೆ ಇಂಥ ಜಾಗ ಏನೂ ಹೊಸದಲ್ಲ. ಇದು ಖಾನಾವಳಿಯೇ. ಖಾನಾವಳಿಯಲ್ಲಿ ಯಾರೂ ಮೆನು ಕೇಳುವುದಿಲ್ಲ, ಆವತ್ತು ಪುಂಡಿಪಲ್ಲೆ ಆಗಿದ್ದರೆ ಪುಂಡಿಪಲ್ಲೆ, ಬದನೆಕಾಯಿ ಆಗಿದ್ದರೆ ಬದನೆಕಾಯಿ, ಒಳಗಿಂದ ರೊಟ್ಟಿ ಬಡಿಯುವ ಸದ್ದು ನಿಂತರೆ ಊಟ ಮುಗಿಯಿತು ಅಂತ ಅರ್ಥ. ಒಂದೇ ವ್ಯತ್ಯಾಸ. ಖಾನಾವಳಿಯ ಅಕ್ಕನ ಕೆಲಸಕ್ಕೆ ನಾವು ಯಾವತ್ತೂ ದೊಡ್ಡ ಬೆಲೆ ಕೊಟ್ಟವರಲ್ಲ. ಕಾಲೇಜು ಹುಡುಗರ, ಗುಮಾಸ್ತರ ಜೇಬಿಗೆ ಎಟುಕಬೇಕು ಅನ್ನುವುದೇ ಅಲ್ಲಿನ ಲೆಕ್ಕ. ಮನೆಯಲ್ಲಿ ಹೆಂಗಸರು ಹೇಗೂ ಮಾಡುತ್ತಾರಲ್ಲ, ಅದಕ್ಕೇನು ಅಷ್ಟು ದುಡ್ಡು ಅನ್ನುವ ಒಳ ಎಣಿಕೆ. ಖಾನುಮ್ ಮಾತ್ರ ಇದಕ್ಕೆ ಪಕ್ಕದ ಕಬಾಬ್ ಹೋಟೆಲಿಗಿಂತ ಹೆಚ್ಚೇ ಬೆಲೆ ಇಟ್ಟಿದ್ದಾರೆ. ಮಾಂಸದ ತೂಕ ಕಮ್ಮಿ, ಬೆಲೆ ಜಾಸ್ತಿ. ಇಸ್ಫಹಾನಿನ ಹುಡುಗನಿಗೆ ತಡೆಯಲಾಗದ್ದು ಬಹುಶಃ ಇದೇ.

ತಳದ ಅನ್ನದ ಗಣಿತ

ನಮ್ಮಲ್ಲಿ ಅನ್ನ ತಳ ಹಿಡಿದರೆ ಮಾಡಿದವರಿಗೆ ಬೈಗುಳ. ಅಲ್ಲಿ ಮನೆಮಂದಿ ಜಗಳವಾಡುವುದೇ ಆ ತಳಕ್ಕೆ. ತಹದೀಗ್ ಅನ್ನುತ್ತಾರೆ. ಉದ್ದಕ್ಕಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಧಾರಾಳ ನೀರಿನಲ್ಲಿ ಮುಕ್ಕಾಲು ಬೇಯಿಸಿ ಬಸಿಯುತ್ತಾರೆ. ಪಾತ್ರೆಯ ತಳಕ್ಕೆ ಎಣ್ಣೆ, ಅದರ ಮೇಲೆ ಮೊಸರು ಮತ್ತು ಕೇಸರಿ ಕಲಸಿದ ಒಂದು ಪದರ ಅನ್ನ, ಇಲ್ಲವೇ ತೆಳ್ಳಗಿನ ಲವಾಶ್ ರೊಟ್ಟಿ, ಆಲೂಗಡ್ಡೆ ಬಿಲ್ಲೆ. ಮೇಲೆ ಉಳಿದ ಅನ್ನವನ್ನು ಗೋಪುರದ ಹಾಗೆ ಪೇರಿಸಿ, ಸೌಟಿನ ಹಿಡಿಯಿಂದ ಆವಿ ಹೋಗಲು ತೂತು ಚುಚ್ಚಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚುತ್ತಾರೆ. ಆ ಬಟ್ಟೆ ಇಲ್ಲದಿದ್ದರೆ ಆವಿ ಹನಿಯಾಗಿ ಬಿದ್ದು ಅನ್ನ ಮುದ್ದೆಯಾಗುತ್ತದೆ. ಮೊದಲು ದೊಡ್ಡ ಉರಿ, ಆಮೇಲೆ ಸಣ್ಣ ಉರಿ, ಸುಮಾರು ಒಂದು ಗಂಟೆ. ಮೇಲಿನ ಅನ್ನ ಒಂದೊಂದು ಅಗುಳೂ ಬಿಡಿ ಬಿಡಿ, ತಳದಲ್ಲಿ ಹೊನ್ನಿನ ಬಣ್ಣದ ಗರಿಗರಿ ಬಿಲ್ಲೆ. ಮುಚ್ಚಳ ತೆಗೆದು ನೋಡುವ ಹಾಗಿಲ್ಲ, ಕಣ್ಣಿಗೆ ಕಾಣದ್ದನ್ನು ಮೂಗಿನಿಂದ ಅಳೆಯಬೇಕು. ಹಿಡಿಯುವುದಕ್ಕೂ ಸೀಯುವುದಕ್ಕೂ ನಡುವೆ ಇರುವುದು ಐದು ನಿಮಿಷ.

ಈ ತಹದೀಗನ್ನು ಖಾನುಮ್ ಹಲಗೆಯ ಮೇಲೆ ಬರೆಯುವುದಿಲ್ಲ. ಬೇಕು ಅಂತ ಕೇಳಿದರೆ ಕೊಡುವುದೂ ಇಲ್ಲ. ಯಾರಿಗೆ ಕೊಡಬೇಕು ಅನ್ನುವುದನ್ನು ಕಿಟಕಿಯಿಂದ ನೋಡಿ ಅವರೇ ತೀರ್ಮಾನಿಸುತ್ತಾರೆ. ಮಕ್ಕಳಿದ್ದರೆ ಮೊದಲು ಮಕ್ಕಳಿಗೆ, ಆಮೇಲೆ ವಯಸ್ಸಾದವರಿಗೆ, ಒಬ್ಬರೇ ಬಂದು ಕೂತವರಿಗೆ, ಮೊದಲ ಸಲ ಬಂದವರಿಗೆ. ನನ್ನಂಥ ಕಾಯಂ ಗಿರಾಕಿಗಳು ಕೊನೆಯ ಸಾಲು. ಒಮ್ಮೆ ಪಕ್ಕದ ಟೇಬಲ್ಲಿನ ಹುಡುಗನೊಬ್ಬ, ಗೆಳತಿಯ ಮುಂದೆ ಸ್ವಲ್ಪ ಜೋರು ತೋರಿಸಲಿಕ್ಕೋ ಏನೋ, "ಇನ್ನೊಂದು ಪ್ಲೇಟ್ ತಹದೀಗ್ ಕೊಡಿ, ಎಷ್ಟಾದರೂ ಬಿಲ್ ಹಾಕಿ" ಅಂದ. "ಮುಗೀತು" ಅಂದರು ಖಾನುಮ್. ಕಿಟಕಿಯ ಕಟ್ಟೆ ಮೇಲೆ ಒಂದು ತುಂಡು ಅವನ ಕಣ್ಣೆದುರಿಗೇ ಇತ್ತು. ಅವನು ಅದನ್ನು ನೋಡಿದ, ಅವನು ನೋಡಿದ್ದನ್ನು ಖಾನುಮ್ ನೋಡಿದರು, ಇಬ್ಬರೂ ಏನೂ ಅನ್ನಲಿಲ್ಲ. ಅರ್ಧ ಗಂಟೆಯ ಮೇಲೆ ಬಾಗಿಲು ತಳ್ಳಿಕೊಂಡು ಒಬ್ಬ ಮುದುಕಿ ಬಂದರು, ಬೂಟಿನ ಹಿಮ ಕೊಡವಿ ಮೂಲೆಯಲ್ಲಿ ಕೂತರು. ಆ ತುಂಡು ಅವರ ತಟ್ಟೆಗೆ ಹೋಯಿತು. ಹುಡುಗ ಟಿಪ್ಸ್ ಇಡದೆ ಎದ್ದು ಹೋದ. ಅವನದೂ ತಪ್ಪು ಅನ್ನಲಾರೆ. ದುಡ್ಡು ಕೊಟ್ಟರೆ ಸಿಗಬೇಕು ಅನ್ನುವುದು ಹೋಟೆಲ್ಲಿನ ನ್ಯಾಯ. ಇನ್ನೂ ಬರಬೇಕಾದವರಿಗೆ ಎತ್ತಿಡಬೇಕು ಅನ್ನುವುದು ಮನೆಯ ನ್ಯಾಯ. ಎರಡೂ ಒಂದೇ ಕೋಣೆಯಲ್ಲಿದ್ದರೆ ಯಾರಾದರೊಬ್ಬರು ಟಿಪ್ಸ್ ಇಡದೆ ಹೋಗುತ್ತಾರೆ.

ಇದನ್ನು ಯೋಚಿಸುತ್ತಾ ಬಸ್ಸಿನಲ್ಲಿ ಮನೆಗೆ ಬರುವಾಗ ಒಂದು ಲೆಕ್ಕ ಹೊಳೆಯಿತು. ಪಾತ್ರೆಯನ್ನು ಎಲ್ಲ ಕಡೆಯಿಂದ ಎರಡರಷ್ಟು ದೊಡ್ಡದು ಮಾಡಿದರೆ ಅದರಲ್ಲಿ ಹಿಡಿಯುವ ಅನ್ನ ಎಂಟು ಪಟ್ಟಾಗುತ್ತದೆ, ತಳ ಮಾತ್ರ ನಾಲ್ಕೇ ಪಟ್ಟು. ಅಂದರೆ ತಲೆಗೆ ಸಿಗುವ ತಹದೀಗ್ ಅರ್ಧಕ್ಕಿಳಿಯುತ್ತದೆ. ಪಾತ್ರೆ ದೊಡ್ಡದಾದಷ್ಟೂ ತಳ ಸಾಲದು. ದೊಡ್ಡ ಹೋಟೆಲುಗಳು ಇದಕ್ಕೆ ಉಪಾಯ ಕಂಡುಕೊಂಡಿವೆ, ತಹದೀಗನ್ನು ಅಗಲವಾದ ತಟ್ಟೆಗಳಲ್ಲಿ ಬೇರೆಯಾಗಿಯೇ ಮಾಡಿ ಕತ್ತರಿಸಿ ಕೊಡುತ್ತವೆ. ಗರಿಗರಿಯಾಗಿಯೇ ಇರುತ್ತದೆ. ಆದರೆ ಮೇಲಿನ ಅನ್ನದ ಭಾರವನ್ನು, ಅದರ ಆವಿಯನ್ನು ಒಂದು ಗಂಟೆ ಹೊತ್ತು ಕೂತ ತಳ ಅದಲ್ಲ. ಸಣ್ಣ ಹೋಟೆಲು, ಕೈ ಅಡುಗೆ ಅಂತ ನಾವು ಕಣ್ಣು ಮುಚ್ಚಿ ಹೊಗಳುವುದರಲ್ಲಿ ಬಹಳಷ್ಟು ಬರೀ ಭಾವುಕತೆ, ನನಗೂ ಗೊತ್ತು. ಈ ಒಂದು ವಿಷಯದಲ್ಲಿ ಮಾತ್ರ ಸಣ್ಣದು ಅನ್ನುವುದಕ್ಕೆ ಗಣಿತದ ಬೆಂಬಲವಿದೆ. ಹನ್ನೆರಡು ಜನರ ಹುಟ್ಟುಹಬ್ಬವನ್ನು ನಾನು ಬೇರೆ ಕಡೆ ತಿರುಗಿಸಿದ್ದಕ್ಕೆ ಇದೇ ಕಾರಣ ಅಂತ ಕೆಲ ದಿನ ನನ್ನನ್ನೇ ನಂಬಿಸಿಕೊಂಡಿದ್ದೆ.

ಗೀಲಾನಿನವನೊಬ್ಬ ಬೀದರಿಗೆ ಬಂದಿದ್ದ

ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಬೀದರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಮೊಟ್ಟೆಯನ್ನೂ ಮುಟ್ಟದವರು. ಅವರನ್ನು ಇಲ್ಲಿಗೆ ಕರೆತರಲು ನನಗೆ ಅಳುಕಿತ್ತು. ಹಲಗೆಯಲ್ಲಿ ಆವತ್ತು ಇದ್ದ ಮೂರು ಖೋರೆಶಿನಲ್ಲೂ ಮಾಂಸ. ಉಳಿದದ್ದು ಗೀಲಾನಿನ ಮಿರ್ಜಾ ಘಾಸೆಮಿ, ಅದು ಮೊಟ್ಟೆಯಿಲ್ಲದೆ ಆಗುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ವಿಷಯ ಹೇಳಿದೆ. ಖಾನುಮ್ ಅಪ್ಪನನ್ನೊಮ್ಮೆ ನೋಡಿ, "ಮೊಟ್ಟೆ ಬೀಳುವುದು ಕೊನೆಗೆ. ಅದಕ್ಕೆ ಮೊದಲೇ ಅವರದನ್ನು ತೆಗೆದಿಡುತ್ತೇನೆ. ಅದು ಮಿರ್ಜಾ ಘಾಸೆಮಿ ಅಲ್ಲ, ಆ ಹೆಸರು ಹೇಳಬೇಡಿ, ಅಷ್ಟೇ" ಅಂದರು.

ಮೊದಲು ಬಂದದ್ದು ಸಬ್ಜಿ ಖೋರ್ದನ್, ಹಸಿ ಸೊಪ್ಪಿನ ತಟ್ಟೆ. ತುಳಸಿಯ ಜಾತಿಯ ರೆಹಾನ್, ಪುದೀನ, ಮೂಲಂಗಿ, ಈರುಳ್ಳಿ ಎಲೆ, ಬಿಳಿ ಚೀಸಿನ ತುಂಡು, ನೆನೆಸಿದ ಅಕ್ರೋಟು, ಬಿಸಿ ರೊಟ್ಟಿ. ಇಲ್ಲಿನ ನನ್ನ ಗೆಳೆಯರು ಇದನ್ನು ಅಲಂಕಾರ ಅಂದುಕೊಂಡು ಬದಿಗಿಡುತ್ತಾರೆ. ಅಪ್ಪ ಹಾಗಲ್ಲ, ಜೋಳದ ರೊಟ್ಟಿಗೆ ಹಸಿ ಮೆಂತ್ಯ, ಮೂಲಂಗಿ ಕಡಿದು ಬೆಳೆದವರು. ಯಾರೂ ಹೇಳಿಕೊಡದೆ ರೊಟ್ಟಿ ಹರಿದು, ಚೀಸು ಸವರಿ, ಸೊಪ್ಪು ತುರುಕಿ ತಿನ್ನತೊಡಗಿದರು. ತಟ್ಟೆ ಖಾಲಿಯಾಯಿತು. ಇನ್ನೊಂದು ತಟ್ಟೆ ಬಂತು, ಈ ಸಲ ಖಾನುಮ್ ಅವರೇ ತಂದರು. ಅದರ ಹಿಂದೆ ಸುಟ್ಟ ಬದನೆಕಾಯಿ, ಟೊಮೇಟೊ, ಕಣ್ಣಲ್ಲಿ ನೀರು ತರಿಸುವಷ್ಟು ಬೆಳ್ಳುಳ್ಳಿ ಹಾಕಿದ ಆ ಹೆಸರಿಲ್ಲದ ಪದಾರ್ಥ, ಜೊತೆಗೆ ಕತೆಹ್ ಅನ್ನ. ಗೀಲಾನು ಭತ್ತದ ನಾಡು. ಅಲ್ಲಿಯವರ ದಿನನಿತ್ಯದ ಅನ್ನವನ್ನು ಬಸಿಯುವುದಿಲ್ಲ, ನೀರೆಲ್ಲ ಇಂಗುವಂತೆ ಬೇಯಿಸುತ್ತಾರೆ. ಅಪ್ಪ ಒಂದು ತುತ್ತು ತಿಂದು, "ಇದು ನಮ್ಮ ಭರ್ತಾನೇ ಅದಲ್ಲೋ" ಅಂದರು. ನಾನು ಅನುವಾದಿಸಲಿಲ್ಲ. ಆದರೆ ಭರ್ತಾ ಅನ್ನುವುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. "ಭರ್ತಾ ಅಲ್ಲ" ಅಂದರು ಖಾನುಮ್, ಇಂಗ್ಲಿಷಿನಲ್ಲಿ, ಗಟ್ಟಿಯಾಗಿ.

ಮಾತು ಶುರುವಾದದ್ದು ಹಾಗೆ. ಇರಾನಿನಲ್ಲಿ ಯಾವ ಕಡೆಯವರು ಅಂತ ಅಪ್ಪ ಕೇಳಿದರು. ಗೀಲಾನ್ ಅಂದದ್ದೇ ತಡ, ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ನೆಟ್ಟಗೆ ಕೂತರು. ಕ್ಲಾಸಿನಲ್ಲಿ ಕೂತಂತೆ. "ನಿಮ್ಮ ಗೀಲಾನಿನವನೊಬ್ಬ ನಮ್ಮೂರಿಗೆ ಬಂದಿದ್ದ, ನಮ್ಮ ಬೀದರಕ್ಕ. ಮಹಮೂದ್ ಗವಾನ್ ಅಂತ." ಆಮೇಲೆ ನಿಲ್ಲಿಸಲಿಲ್ಲ. ಹದಿನೈದನೇ ಶತಮಾನದ ನಡುವಿನಲ್ಲಿ ವ್ಯಾಪಾರಿಯಾಗಿ ಬಂದವನು, ಬಹಮನಿ ಸುಲ್ತಾನರ ಆಸ್ಥಾನ ಸೇರಿ ಮುಖ್ಯಮಂತ್ರಿಯ ಪಟ್ಟಕ್ಕೆ ಏರಿದ್ದು, 1472ರಲ್ಲಿ ಮದರಸಾ ಕಟ್ಟಿಸಿದ್ದು, ಪರದೇಶಿಗಳ ಗುಂಪಿಗೂ ದಖನಿಗಳ ಗುಂಪಿಗೂ ನಡುವಿನ ಹಗೆಯನ್ನು ತಕ್ಕಡಿಯಲ್ಲಿ ಸರಿದೂಗಿಸಲು ಹೋದದ್ದು. ಕೊನೆಗೆ ದಖನಿಗಳ ಗುಂಪಿನವರು ಅವನ ಮೊಹರು ಹಿಡಿಯುತ್ತಿದ್ದವನನ್ನು ಬುಟ್ಟಿಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿ, ಅದರ ಮೇಲೆ ದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ತಲೆ ಹೋಯಿತು. ಅಪ್ಪನ ಇಂಗ್ಲಿಷ್ ಎಡವಿದ ಕಡೆಯೆಲ್ಲ ನಾನು ಕೈ ಹಿಡಿದೆ. ಖಾನುಮ್ ಒರೆಸುವ ಬಟ್ಟೆಯನ್ನು ಭುಜಕ್ಕೆ ಹಾಕಿಕೊಂಡು, ಖಾಲಿ ಕುರ್ಚಿ ಎಳೆದುಕೊಂಡು ಪೂರ್ತಿ ಕೇಳಿದರು. ಆ ಹೆಸರು ಅವರಿಗೆ ಗೊತ್ತಿರಲಿಲ್ಲ.

"ಗೀಲಾನಿನವನೇ ಅಂತ ಖಾತ್ರಿ ಇದೆಯಾ? ಬೆಳ್ಳುಳ್ಳಿ ಜೊತೆಗೆ ತಂದಿದ್ದನಾ?" ಅಂದರು. ಗೀಲಾನಿನವರ ಬೆಳ್ಳುಳ್ಳಿ ಹುಚ್ಚಿನ ಬಗ್ಗೆ ಉಳಿದ ಇರಾನಿಗಳು ಆಡಿಕೊಳ್ಳುವುದುಂಟು, ಅದನ್ನೇ ಅವರು ತಮ್ಮ ಮೇಲೆ ಹಾಕಿಕೊಂಡು ನಗುತ್ತಿದ್ದರು. ಅಪ್ಪ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಅದನ್ನು ಯಾವ ಇತಿಹಾಸಕಾರನೂ ಬರೆದಿಲ್ಲ ನೋಡ್ರಿ" ಅಂದರು, ತುಂಬ ಗಂಭೀರವಾಗಿ. ಆಮೇಲೆ ಫೋನ್ ತೆಗೆದು ಮದರಸಾದ ಫೋಟೋ ತೋರಿಸಿದರು. ಮುಂದಿನ ಮಿನಾರಿನ ಮೇಲೆ ಅಲ್ಲಲ್ಲಿ ಉಳಿದಿರುವ ಬಣ್ಣದ ಬಿಲ್ಲೆಗಳನ್ನು ಖಾನುಮ್ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಇನ್ನರ್ಧ ಮುಂಭಾಗ ಎಲ್ಲಿ ಅಂತ ಕೇಳಿದರು. ಔರಂಗಜೇಬನ ಕಾಲಕ್ಕೆ ಒಳಗೆ ಮದ್ದುಗುಂಡು ತುಂಬಿಟ್ಟಿದ್ದರು, ಸಿಡಿದು ಹಾರಿಹೋಯಿತು ಅಂತ ಅಪ್ಪ ಹೇಳಿದಾಗ ತಮ್ಮ ಭಾಷೆಯಲ್ಲಿ ಏನೋ ಅಂದರು, ಬೈಗುಳವೇ ಇರಬೇಕು.

ಅವರೂ ಸುಮ್ಮನೆ ಬಿಡಲಿಲ್ಲ. ಸಣ್ಣ ಗಾಜಿನ ಲೋಟದಲ್ಲಿ ಚಹಾ, ಪಕ್ಕಕ್ಕೆ ಸಕ್ಕರೆ ಗಟ್ಟಿ ತಂದಿಟ್ಟು, "ಇದು ಲಾಹಿಜಾನಿನದು, ನಮ್ಮ ಗೀಲಾನಿನ ಚಹಾ. ಸಸಿ ಮಾತ್ರ ನಿಮ್ಮದು" ಅಂದರು. ಭಾರತದಲ್ಲಿ ಇರಾನಿನ ಕಾನ್ಸಲ್ ಆಗಿದ್ದ ಕಾಶೆಫ್ ಅಲ್-ಸಲ್ತನೆ ಎಂಬಾತ ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಕಾಂಗ್ರಾ ಕಡೆಯಿಂದ ಚಹಾ ಸಸಿಗಳನ್ನು ಒಯ್ದು ಲಾಹಿಜಾನಿನಲ್ಲಿ ನೆಡಿಸಿದ. ಅವನ ಸಮಾಧಿ ಇರುವುದೂ ಅಲ್ಲೇ, ಈಗ ಅದೇ ಚಹಾ ಮ್ಯೂಸಿಯಂ. ಶಾಲೆಯಲ್ಲಿದ್ದಾಗ ಖಾನುಮ್ ಅವರನ್ನು ಅಲ್ಲಿಗೆ ಕರೆದೊಯ್ದಿದ್ದರಂತೆ, ಅಪ್ಪ ತಮ್ಮ ಶಾಲೆಯ ಮಕ್ಕಳನ್ನು ಮದರಸಾಕ್ಕೆ ಕರೆದೊಯ್ಯುತ್ತಿದ್ದ ಹಾಗೆಯೇ. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಟಿಶ್ಯೂ ಕಾಗದದ ಮೇಲೆ ಹೆಸರು ಬರೆದುಕೊಂಡರು.

ಕೊನೆಗೆ ಒಂದು ಬಾಟಲಿ ಬಂತು. ಸೀರ್ ತೊರ್ಶಿ, ಇಡೀ ಇಡೀ ಬೆಳ್ಳುಳ್ಳಿ ಗಡ್ಡೆಗಳನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟದ್ದು. ಏಳು ವರ್ಷದ್ದಂತೆ. ಎಸಳು ಕಂದು ಕಪ್ಪಾಗಿ, ಹಿಚುಕಿದರೆ ಬೆಣ್ಣೆಯಷ್ಟು ಮೆತ್ತಗೆ. ಕಟುವೆಲ್ಲ ಇಳಿದು ಸಿಹಿಹುಳಿ ಉಳಿದಿರುತ್ತದೆ. ಇದು ಹಲಗೆಯ ಮೇಲೆ ಇರುವುದಲ್ಲ, ಮಾರುವುದೂ ಅಲ್ಲ. ನನಗೆ ಅದುವರೆಗೆ ಒಂದು ಎಸಳೂ ಸಿಕ್ಕಿರಲಿಲ್ಲ ಅನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ಬಿಲ್ಲು

ಬಿಲ್ ಕೇಳಿದಾಗ ಖಾನುಮ್ ಕೈ ಎದೆಗಿಟ್ಟು, ಇದು ನಿಮ್ಮ ಯೋಗ್ಯತೆಗೆ ತಕ್ಕದ್ದಲ್ಲ, ಇರಲಿ ಬಿಡಿ ಅನ್ನುವ ಅರ್ಥದ ಮಾತು ಹೇಳಿದರು. ಇರಾನಿಗಳ ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ, ಎಲ್ಲ ಕಡೆ ಇದು ಇದ್ದದ್ದೇ. ತಾರೋಫ್ ಎಂಬ ಮರ್ಯಾದೆ. ಅವರು ಬೇಡ ಅನ್ನಬೇಕು, ನಾವು ಇಲ್ಲ ಕೊಟ್ಟೇ ಕೊಡ್ತೀವಿ ಅನ್ನಬೇಕು, ಎರಡು ಮೂರು ಸುತ್ತು ಎಳೆದಾಡಿ ಆಮೇಲೆ ದುಡ್ಡು ತೆಗೆದುಕೊಳ್ಳಬೇಕು. ಮೊದಮೊದಲು ಇದರಲ್ಲಿ ನನಗೆ ತುಂಬ ಮುಜುಗರ, ಕಾರ್ಡ್ ಹಿಡಿದುಕೊಂಡು ಪೆಚ್ಚಾಗಿ ನಿಲ್ಲುತ್ತಿದ್ದೆ. ಅಪ್ಪನಿಗೆ ಯಾವ ಪಾಠವೂ ಬೇಕಾಗಲಿಲ್ಲ. "ಹಂಗಾದ್ರ ನಾವು ಮತ್ತ ಈ ಕಡೆ ಬರಾಂಗಿಲ್ಲ, ಹೇಳು ಅವರಿಗೆ" ಅಂದರು ನನಗೆ, ಮುಖ ಗಂಟಿಕ್ಕಿಕೊಂಡು. ಹೇಳಿದೆ. ಖಾನುಮ್ ಮುಖ ಅರಳಿತು. ಬಹಳ ದಿನದ ಮೇಲೆ ಸರಿಯಾದ ಉತ್ತರ ಕೇಳಿದವರ ಹಾಗೆ. ದುಡ್ಡು ತೆಗೆದುಕೊಂಡರು, ಪೂರ್ತಿ, ಟ್ಯಾಕ್ಸ್ ಸಮೇತ.

ನನಗೆ ಇಷ್ಟವಾಗುವುದು ಆ ಪೂರ್ತಿ ಅನ್ನುವ ಭಾಗ. ಉಪಚಾರ ಬೇರೆ, ಲೆಕ್ಕ ಬೇರೆ, ಎರಡರಲ್ಲೂ ಅವರು ಕಂಜೂಸಿ ಮಾಡುವುದಿಲ್ಲ. ಮನೆಯಂಥ ಊಟ ಅಂದ ತಕ್ಷಣ ಮನೆಯಂತೆ ಪುಕ್ಕಟೆ ಇಲ್ಲವೇ ಅಗ್ಗ ಇರಬೇಕು ಅಂತ ಬಯಸುವವರು ನಾವು. ಡೆಲಿವರಿ ಆ್ಯಪಿನವರು ಬಂದು ಕೇಳಿದಾಗಲೂ ಅವರು ಒಪ್ಪಲಿಲ್ಲ, ಡಬ್ಬಿಯೊಳಗೆ ಮುಚ್ಚಿಟ್ಟರೆ ತಹದೀಗ್ ಹತ್ತು ನಿಮಿಷದಲ್ಲಿ ಚರ್ಮವಾಗುತ್ತದೆ ಅಂದರು. ಆದರೆ ಸೊಪ್ಪು ಹೆಚ್ಚಲು ಮೆಷಿನ್ ತಂದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬಹಳ ಕಾಲ ದೂಡಿದ ಮೇಲೆ ತಂದದ್ದು. ಹಳೇ ಗಿರಾಕಿಯೊಬ್ಬರು ರುಚಿ ನೋಡಿ, ಮೆಷಿನ್ನಿನಲ್ಲಿ ಸೊಪ್ಪು ಜಜ್ಜಿಹೋಗುತ್ತದೆ, ಚಾಕುವಿನದ್ದೇ ಬೇರೆ ಅಂದರಂತೆ. "ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತೇನೆ, ಚಾಕು ಇಲ್ಲೇ ಇದೆ, ಬನ್ನಿ" ಅಂದರಂತೆ ಖಾನುಮ್. ಆ ಗಿರಾಕಿಯ ಮಾತು ನಿಜವೇ ಇರಬಹುದು. ನನಗೂ ಹಳೆಯದೇ ಒಂದು ಕೂದಲೆಳೆಯಷ್ಟು ಹೆಚ್ಚು ಚೆನ್ನಾಗಿತ್ತು ಅನ್ನಿಸುತ್ತದೆ. ಆದರೆ ಕೈ ಅಡುಗೆ, ಕೈ ಅಡುಗೆ ಅಂತ ನಾವು ಕೊಂಡಾಡುವುದು ಕೊನೆಗೂ ಯಾರದೋ ಒಬ್ಬರ ಮಣಿಕಟ್ಟನ್ನು. ನಾನು ಬಚ್ಚಿಟ್ಟ ಹೆಸರಿನಲ್ಲೂ ಇಂಥದ್ದೇ ಲೋಭ ಇದೆಯೇನೋ. ಹೋಟೆಲ್ಲು ಹೀಗೇ ಇರಲಿ, ಆರೇ ಟೇಬಲ್ಲಿರಲಿ, ನಾನು ಹೋದಾಗ ಒಂದು ಖಾಲಿ ಇರಲಿ. ಅವರಿಗೆ ಬಾಡಿಗೆ ಎಷ್ಟು, ಜನವರಿಯ ಮಂಗಳವಾರಗಳಲ್ಲಿ ಎಷ್ಟು ಟೇಬಲ್ ಖಾಲಿ, ಅದನ್ನು ಕೇಳುವುದು ಬೇಡ.

ಹೋದ ತಿಂಗಳು ಕೇಳಿಯೇಬಿಟ್ಟೆ, ಹುಟ್ಟುಹಬ್ಬದ ಗುಂಪಿನ ವಿಷಯ ತೆಗೆದು, ನನ್ನ ತಳದ ಗಣಿತವನ್ನೂ ವಿವರಿಸಿ. ಹನ್ನೆರಡು ಜನ ಒಟ್ಟಿಗೆ ಬಂದರೆ ಏನು ಮಾಡುತ್ತೀರಿ? ಬ್ಯಾಂಕಿನಲ್ಲಿದ್ದವರಲ್ಲವೇ, ಲೆಕ್ಕ ತಾಳ್ಮೆಯಿಂದ ಕೇಳಿದರು. "ದೊಡ್ಡ ಪಾತ್ರೆ ಯಾಕೆ ಇಡಬೇಕು? ಇನ್ನೊಂದು ಸಣ್ಣ ಪಾತ್ರೆ ಇಡುತ್ತೇನೆ. ಒಲೆಗೆ ಆರು ಬರ್ನರ್ ಇವೆ. ಎರಡು ದಿನ ಮೊದಲೇ ಹೇಳಬೇಕು, ಮುಂಗಡ ಕೊಡಬೇಕು" ಅಂದರು. ಈಗ ಕರಿ ಹಲಗೆಯ ಕೆಳಗೆ ಅದನ್ನೇ ಬರೆದಿದ್ದಾರೆ, ಎಂಟಕ್ಕಿಂತ ಹೆಚ್ಚು ಜನ ಇದ್ದರೆ ಎರಡು ದಿನ ಮುಂಚೆ, ಅರ್ಧ ಹಣ ಮುಂಗಡ. ಗೆಳೆಯನಿಗೆ ಹೆಸರು ಹೇಳಿದೆ. ಅವನು ಹೋಗಿಬಂದು, ಚೆನ್ನಾಗಿತ್ತು ಆದರೆ ಕಬಾಬ್ ಇಲ್ಲವಲ್ಲ ಅಂದ.

ಅಪ್ಪ ಬೀದರಿಗೆ ವಾಪಸಾದ ಮೇಲೆ ಮಾಡಿದ ಮೊದಲ ಕೆಲಸ ಎರಡು ಕಿಲೋ ಬೆಳ್ಳುಳ್ಳಿ ತಂದದ್ದು. ವಿನೆಗರ್ ಹುಡುಕಲು ಕಿರಾಣಿ ಅಂಗಡಿಗಳನ್ನೆಲ್ಲ ಸುತ್ತಿದರಂತೆ. ಅಡುಗೆಮನೆಯ ಅಟ್ಟದ ಮೇಲೆ, ಬಿಸಿಲು ಬೀಳದ ಮೂಲೆಯಲ್ಲಿ, ಭರಣಿಗೆ ಚೀಟಿ ಅಂಟಿಸಿ ತಾರೀಖು ಬರೆದಿಟ್ಟಿದ್ದಾರೆ. ಏಳು ವರ್ಷ ಯಾರೂ ಮುಟ್ಟುವ ಹಾಗಿಲ್ಲ ಅಂತ ಕಟ್ಟಪ್ಪಣೆ. ಫೋನಿನಲ್ಲಿ ಅವ್ವನದು ಒಂದೇ ತಕರಾರು: ಅದು ಮಾವಿನಕಾಯಿ ಉಪ್ಪಿನಕಾಯಿಯ ಭರಣಿ, ಬ್ಯಾಸಗಿಗೆ ತನಗೆ ಬೇಕು.